ಹಳದಿಯ ಮೇಲೆ ನಿಂತ ಚುಕ್ಕೆ

ಅತ್ತಾವರ, ಮಂಗಳೂರು
ಆಗಸ್ಟ್ 3, ಆದಿತ್ಯವಾರ ಮಧ್ಯಾಹ್ನ

ಪ್ರೀತಿಯ ತುಷಾರಣ್ಣಾ,

ಇಲ್ಲ, ನೀನು ಸಾಯಬೇಕು ಅಂತ ನನಗೆ ಆಸೆ ಇಲ್ಲ. ಹಾಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ನಾನು ಅಡುಗೆಮನೆಗೆ ಹೋದ ಕೂಡಲೇ ಅಮ್ಮ ನಳ ಜೋರು ಬಿಡುತ್ತಾಳೆ, ಪಾತ್ರೆ ಇಲ್ಲದಿದ್ದರೂ ತೊಳೆಯುತ್ತಾಳೆ. ಸಂಕಪ್ಪ ಮಾವ ಬಂದರೆ ಪೇಪರ್ ಎತ್ತಿ ಮುಖಕ್ಕೆ ಹಿಡಿಯುತ್ತಾರೆ. ಅದರ ಅರ್ಥ ಎಂತ ಅಂತ ನನಗೆ ಗೊತ್ತುಂಟು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೂ ಅಷ್ಟು ಓದಲಿಕ್ಕೆ ಬರುತ್ತದೆ. ಈ ಮನೆಯಲ್ಲಿ ಅಣ್ಣ ಸತ್ತಿದ್ದಾನೆ ಅಂತ ಹೇಳಿದವ ನಾನೊಬ್ಬನೇ, ಹಾಗಾಗಿ ಕೊಂದವನೂ ನಾನೇ. ಆಗಲಿ.

ಕಾಗದ ಬರೆಯುವಾಗ ಮೊದಲು ಆರೋಗ್ಯ ಕೇಳಬೇಕು ಅಂತ ಅಪ್ಪ ಕಲಿಸಿದ್ದರಲ್ಲ. ಹೇಗಿದ್ದೀ? ಎಡಗಾಲಿನ ಮಂಡಿ ನೋವು ಹೇಗುಂಟು? ಉಪ್ಪುನೀರಿನಲ್ಲಿ ನಿಂತರೆ ಕಡಿಮೆ ಆಗುತ್ತದೆ ಅಂತ ಹೇಳುತ್ತಿದ್ದೆ. ಇಲ್ಲಿ ಅಮ್ಮನಿಗೆ ಬಿಪಿ ಉಂಟು, ಮಾತ್ರೆ ತೆಗೆದುಕೊಳ್ಳುತ್ತಾಳೆ. ಮಾವ ಹೋಟೆಲು ಮುಚ್ಚಿ ದಿನಾ ಸಂಜೆ ನಮ್ಮಲ್ಲಿಗೇ ಬರುತ್ತಾರೆ, ಚಾ ಕುಡಿದು ಹೋಗುತ್ತಾರೆ. ನಾನು ಬಂದರಿನ ಧಕ್ಕೆಯಲ್ಲಿ ಬೋಟುಗಳ ಇಂಜಿನ್ ರಿಪೇರಿಗೆ ಹೋಗುತ್ತಿದ್ದೇನೆ. ನನಗೆ ಏನೂ ಆಗಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿದರೆ ಬೇರೆ ಯಾರದೋ ಕೆನ್ನೆ ಮುಟ್ಟಿದ ಹಾಗೆ ಆಗುತ್ತದಲ್ಲ, ಮಾರ್ಚಿನಿಂದ ಇಡೀ ಮೈ ಹಾಗೆ ಉಂಟು. ಸಿಟ್ಟು ಮಾತ್ರ ಬರುತ್ತದೆ. ಅದೊಂದು ನನ್ನದೇ ಅಂತ ಗೊತ್ತಾಗುತ್ತದೆ.

ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ. ನೀನು ಅಲೆಕ್ಸ್ ಅಂಕಲ್ ಜೊತೆ ಹಾಯಿಬೋಟಿನಲ್ಲಿ ಹೊರಡುವಾಗ ಹಳೆ ಟ್ಯಾಬನ್ನು ಅಮ್ಮನಿಗೆ ಕೊಟ್ಟು ಹೋದೆಯಲ್ಲ. ಸಮುದ್ರದ ಚಾರ್ಟು ಹಾಕಿ, ನಿಮ್ಮ ಹಾಯಿಬೋಟಿನ ಟ್ರ್ಯಾಕರ್ ಅದಕ್ಕೆ ಸೇರಿಸಿ, ನೀವು ಎಲ್ಲಿ ಇದ್ದರೂ ಒಂದು ಕೆಂಪು ಚುಕ್ಕೆ ಕಾಣುವ ಹಾಗೆ ಮಾಡಿದವ ನೀನೇ. "ಅಮ್ಮಾ, ಬಿಳಿ ಅಂದ್ರೆ ಆಳ, ನೀಲಿ ಅಂದ್ರೆ ನೀರು ಕಮ್ಮಿ, ಹಳದಿ ಅಂದ್ರೆ ನೆಲ. ಹಳದಿ ಮುಟ್ಟಿದ್ರೆ ನಾವು ಸೇಫ್ ಅಂತ ಲೆಕ್ಕ" ಅಂತ ಕಲಿಸಿದವನೂ ನೀನೇ. ಬೋಟಿನವನು ಹೇಳುವ ಮಾತಾ ಅದು? ಬೋಟಿಗೆ ಹಳದಿಗಿಂತ ಕೆಟ್ಟದ್ದು ಯಾವುದುಂಟು? ಅಮ್ಮನ ಹೆದರಿಕೆ ಹೋಗಲಿ ಅಂತ ಹೇಳಿದ್ದು, ಗೊತ್ತುಂಟು. ಆದರೆ ಅವಳು ಕಲಿತದ್ದು ಅದೇ.

ಮಾರ್ಚಿನಲ್ಲಿ ನಿಮ್ಮ ಚುಕ್ಕೆ ಮಾಲ್ದೀವ್ಸ್ ದಾಟಿ ಕೆಳಗೆ ಆ ಜನವಿಲ್ಲದ ದ್ವೀಪಕ್ಕೆ ಬಂತು. ಅಂಕಲ್, ನೀನು, ನಾನು ಮೂವರೂ ಹಿಂದಿನ ಸಲ ಹೋದದ್ದು, ಅದೇ ದ್ವೀಪ. ಬಂದು ಹಳದಿಯ ಮೇಲೆ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಇದೆ ಅಂತ ತೋರಿಸಿತು, ಮತ್ತೆ ಹೊಸತು ಏನೂ ಬರಲಿಲ್ಲ, ಚುಕ್ಕೆ ಅಲ್ಲೇ ಉಳಿಯಿತು. ಫೋನೂ ಇಲ್ಲ. ಅಲ್ಲಿಯ ಕೋಸ್ಟ್ ಗಾರ್ಡಿನವರು ಹೋದರು. ದಡದಲ್ಲಿ ಹಾಯಿಯ ತುಂಡು ಸಿಕ್ಕಿತು, ಬೋಟು ಸಿಗಲಿಲ್ಲ, ನೀವಿಬ್ಬರೂ ಸಿಗಲಿಲ್ಲ. ಅಮ್ಮ ಕೇಳಿದ್ದು ಒಂದೇ. "ದಡ ಮಾತ್ರ ನೋಡಿದ್ದಲ್ಲವಾ? ಅವ ಒಳಗೆ ಇದ್ದಾನೆ. ಇದರಲ್ಲಿ ಕಾಣ್ತದಲ್ಲ." ಮತ್ತೆ ಎರಡು ಬೆರಳಿಟ್ಟು ಚಾರ್ಟು ದೊಡ್ಡದು ಮಾಡಿದಳು. ದೊಡ್ಡದು ಮಾಡಿದ ಹಾಗೆ ಹಳದಿಯೂ ದೊಡ್ಡದಾಯಿತು, ನೀನು ಸಮುದ್ರದಿಂದ ಇನ್ನೂ ದೂರ ಹೋದ ಹಾಗೆ ಕಂಡಿತು. ಅಲ್ಲಿ ತೆಂಗಿನ ಮರ ಉಂಟು, ಎಳನೀರು ಸಿಗುತ್ತದೆ, ನೀನು ಸಣ್ಣದಿರುವಾಗಲೇ ಮರ ಹತ್ತುತ್ತಿದ್ದೆ ಅಂತ ನೋಡಲು ಬಂದವರಿಗೆಲ್ಲ ಹೇಳಿದಳು. ಬಜಪೆಯ ಚಿಕ್ಕಮ್ಮ ಹೌದು ಹೌದು ಅಂದರು. ನಾನು ಎದ್ದು ಹೊರಗೆ ಹೋದೆ.

ಯಾಕೆಂದರೆ ಆ ಹಳದಿ ಅಲ್ಲಿ ಇಲ್ಲ. ನಿನಗೂ ಗೊತ್ತುಂಟು, ನನಗೂ ಗೊತ್ತುಂಟು. ಹಿಂದಿನ ಸಲ ಅದೇ ದ್ವೀಪದ ಹಿಂದೆ ಲಂಗರು ಹಾಕಿ ಗಂಜಿ ಉಣ್ಣುವಾಗ ನೀನು ಸ್ಕ್ರೀನ್ ನೋಡಿ ಬಿದ್ದು ಬಿದ್ದು ನಕ್ಕದ್ದು ನೆನಪುಂಟಾ? ನಮ್ಮ ಸುತ್ತ ನೀರು, ಕೆಳಗೆ ಮೀನು ಕಾಣುತ್ತಿತ್ತು, ಸ್ಕ್ರೀನಿನಲ್ಲಿ ನೋಡಿದರೆ ನಾವು ದ್ವೀಪದ ನಟ್ಟನಡುವೆ. "ತೆಂಗಿನ ಮರಕ್ಕೆ ಬೋಟು ಕಟ್ಟಿದ್ದೇವೆ ಮಾರಾಯ" ಅಂದೆ. ಇದು ಹೇಗೆ ಅಂತ ನಾನು ಕೇಳಿದ್ದಕ್ಕೆ ಅಲೆಕ್ಸ್ ಅಂಕಲ್ ಬೀಡಿ ಆರಿಸಿ ಹೇಳಿದರು. ಉಪಗ್ರಹ ನಮ್ಮ ಜಾಗ ಸರಿಯಾಗಿಯೇ ಹೇಳುತ್ತದೆ, ದ್ವೀಪವೇ ತಪ್ಪು ಜಾಗದಲ್ಲಿ ಉಂಟು. ಹಾಯಿ ಹಡಗಿನ ಕಾಲದಲ್ಲಿ ಯಾರೋ ಸೂರ್ಯನನ್ನು ನೋಡಿ ಲೆಕ್ಕ ಹಾಕಿ, ಹಗ್ಗಕ್ಕೆ ಸೀಸ ಕಟ್ಟಿ ಆಳ ನೋಡಿ, ಕಾಗದದ ಮೇಲೆ ಬರೆದದ್ದು. ಅದನ್ನೇ ಕಂಪ್ಯೂಟರಿಗೆ ಹಾಕಿದ್ದು. ದೊಡ್ಡ ಹಡಗು ಹೋಗುವ ಕಡೆ ಮತ್ತೆ ಮತ್ತೆ ಅಳೆಯುತ್ತಾರೆ, ನಮ್ಮ ಮಂಗಳೂರಿನ ಬಂದರಿಗೆ ಬರುವಾಗ ಅದೇ ಚಾರ್ಟು ಒಂದು ಗೆರೆ ತಪ್ಪಲಿಲ್ಲ. ಯಾರೂ ಹೋಗದ ದ್ವೀಪವನ್ನು ಯಾರು ಅಳೆಯುತ್ತಾರೆ? "ಕಾಗದ ಆದ್ರೆ ಹಳತಾದದ್ದು ಕಣ್ಣಿಗೆ ಕಾಣ್ತದೆ, ಅಂಚು ಹರಿದಿರ್ತದೆ, ಚಾ ಚೆಲ್ಲಿರ್ತದೆ. ಇದ್ರಲ್ಲಿ ನೂರು ವರ್ಷದ್ದೂ ನಿನ್ನೆಯದ್ದೂ ಒಂದೇ ಬಣ್ಣ" ಅಂದರು. ದೊಡ್ಡದು ಮಾಡಿ ನೋಡಿದರೆ ಸರಿ ಕಾಣುತ್ತದಾ ಅಂತ ನಾನು ಕೇಳಿದೆ. ನೀನು ನನ್ನ ತಲೆಗೆ ಒಂದು ಕೊಟ್ಟೆ. ದೊಡ್ಡದು ಮಾಡಿದರೆ ತಪ್ಪು ದೊಡ್ಡದಾಗುತ್ತದೆ ಅಷ್ಟೇ ಅಂದೆ.

ಅಲ್ಲಿಗೆ ಒಳಗೆ ಹೋದದ್ದು ಕೂಡ ಸ್ಕ್ರೀನ್ ನೋಡಿ ಅಲ್ಲ. ಸೂರ್ಯ ಬೆನ್ನ ಹಿಂದೆ ಬರುವವರೆಗೆ ಹೊರಗೆ ಕಾದು, ನನ್ನನ್ನು ಬೋಟಿನ ಮೂತಿಯಲ್ಲಿ ನಿಲ್ಲಿಸಿ, ನೀರಿನ ಬಣ್ಣ ಕಂದು ಆದರೆ ಕೆಳಗೆ ಬಂಡೆ, ಕೈ ಎತ್ತು ಅಂತ ಹೇಳಿ, ಆಮೆಯ ಹಾಗೆ ಹೋದದ್ದು. ಈ ಸಲ ನನ್ನ ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು, ಮೂತಿಯಲ್ಲಿ ನೀನೇ ನಿಂತಿರಬೇಕು. ಮಳೆ ಬಂತಾ, ಇಂಜಿನ್ ಕೈಕೊಟ್ಟಿತಾ, ಗಾಳಿ ಎಳೆಯಿತಾ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಚಾರ್ಟು ನಂಬಿ ನೀವು ಹೋಗಿರಲಿಕ್ಕಿಲ್ಲ. ಚಾರ್ಟು ನಂಬಿದವರು ನಾವು, ಇಲ್ಲಿ ಅತ್ತಾವರದಲ್ಲಿ, ಎರಡನೇ ಮಹಡಿಯಲ್ಲಿ, ಫ್ಯಾನಿನ ಕೆಳಗೆ ಕುಳಿತು.

ನಾನು ಚುಕ್ಕೆಯ ಅಕ್ಷಾಂಶ ರೇಖಾಂಶದ ನಂಬರು ಬರೆದು ಫೋನಿನಲ್ಲಿ ಉಪಗ್ರಹದ ಫೋಟೋ ತೆರೆದು ನೋಡಿದೆ. ಆ ಜಾಗದಲ್ಲಿ ನೆಲ ಇಲ್ಲ. ದ್ವೀಪದ ಹೊರಬದಿಯಲ್ಲಿ ಬಂಡೆ ಉಂಟಲ್ಲ, ಅಲೆ ಒಡೆದು ಬಿಳಿ ನೊರೆ ನಿಲ್ಲುವುದು, ಸರಿಯಾಗಿ ಅಲ್ಲಿ. ಮಾವನಿಗೆ ತೋರಿಸಿದೆ. ಕನ್ನಡಕ ಹಾಕಿ ತುಂಬ ಹೊತ್ತು ನೋಡಿದರು. ಮಾವ ದಡ್ಡರಲ್ಲ, ಅವರಿಗೆ ಅಲ್ಲೇ ಅರ್ಥ ಆಯಿತು. ಫೋನ್ ವಾಪಸು ಕೊಟ್ಟು "ಅವಳು ನಿನ್ನ ಅಮ್ಮ ಮಾರಾಯ, ಕೋರ್ಟಲ್ಲ. ಪ್ರೂಫ್ ಎಲ್ಲ ಇಲ್ಲಿ ತರ್ಬೇಡ" ಅಂದರು. ಅಮ್ಮನ ಹತ್ತಿರ ಹೋಗಿ ಎಂತ ಹೇಳಿದರು ಗೊತ್ತುಂಟಾ? ಫೋನಿನ ಮ್ಯಾಪು ಹೋಟೆಲು ಹುಡುಕುವವರಿಗೆ, ಹಡಗಿನವರು ನಂಬುವುದು ಚಾರ್ಟನ್ನೇ ಅಂತ. ನಾನು ತುಳುವಿನಲ್ಲಿ ಬೈದೆ. ಅದನ್ನು ಕನ್ನಡದಲ್ಲಿ ಬರೆದರೆ ಬೈಗುಳಕ್ಕೂ ಮರ್ಯಾದೆ ಬರುತ್ತದೆ, ಬೇಡ.

ಜೆಪ್ಪುವಿನಲ್ಲಿ ಅಲೆಕ್ಸ್ ಅಂಕಲ್ ಮನೆಯಲ್ಲಿ ಬೆನೆಡಿಕ್ಟಾ ಆಂಟಿ ಹೀಗೆ ಮಾಡಲಿಲ್ಲ. ಅವರಿಗೂ ಗಂಡ ಕೊಟ್ಟು ಹೋದ ಸ್ಕ್ರೀನ್ ಉಂಟು, ಅದೇ ಚಾರ್ಟು, ಅದೇ ಚುಕ್ಕೆ. ಹಾಯಿಯ ತುಂಡು ಸಿಕ್ಕಿದ ವಾರ ಸ್ಕ್ರೀನನ್ನು ಕಪಾಟಿನಲ್ಲಿ ಇಟ್ಟರು. ಇಗರ್ಜಿಯಲ್ಲಿ ಆತ್ಮಶಾಂತಿಗೆ ಪೂಜೆ ಇಡಿಸಿದರು. ನಾನು ಹೋಗಿದ್ದೆ, ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಪಾದ್ರಿಗಳು ಅಲೆಕ್ಸ್ ಅಂತ ಹೇಳಿ ಆಮೇಲೆ ನಿನ್ನ ಹೆಸರೂ ಹೇಳಿದರು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಹೊರಗೆ ಬಂದ ಮೇಲೆ ಆಂಟಿ ನನ್ನ ಕೈ ಹಿಡಿದು "ನಿಮ್ಮಲ್ಲಿ ಯಾವಾಗ ಪುತ್ತಾ?" ಅಂತ ಕೇಳಿದರು. ಒಂದೇ ಬೋಟು, ಒಂದೇ ಚುಕ್ಕೆ. ಜೆಪ್ಪುವಿನಲ್ಲಿ ಸತ್ತಾಯಿತು, ಅತ್ತಾವರದಲ್ಲಿ ಎಳನೀರು ಕುಡಿಯುತ್ತಾ ಉಂಟು.

ಇವತ್ತಿನ ಜಗಳ ಇದಕ್ಕೇ. ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವ ನಮ್ಮ ಮನೆಯ ದಿನ ಇವತ್ತು. ಅಜ್ಜ, ಅಜ್ಜಿ, ಅಪ್ಪ, ಮೂರು ಎಲೆ. ನಿನಗೆ ನೆನಪುಂಟಲ್ಲ, ಬಡಿಸಿ ಆದ ಮೇಲೆ ನಾವೆಲ್ಲ ಹೊರಗೆ ಬಂದು ಕೋಣೆಯ ಬಾಗಿಲು ಮುಚ್ಚಿ, ಅವರು ಉಂಡು ಏಳುವವರೆಗೆ ಮಾತಾಡದೆ ಕುಳಿತುಕೊಳ್ಳುವುದು. ನೀನು ಬಾಗಿಲಿಗೆ ಕಿವಿಯಿಟ್ಟು "ಅಜ್ಜ ಕೋಳಿಯ ಎಲುಬು ಕಡಿಯುವುದು ಕೇಳ್ತದೆ, ಈಗ ನಿನ್ನ ಹೆಸರು ಕೇಳಿದ್ರು" ಅಂತ ನನ್ನನ್ನು ಹೆದರಿಸುತ್ತಿದ್ದೆ. ಬಾಗಿಲು ಮೆಲ್ಲ ಮುಚ್ಚಬೇಕು, ಶಬ್ದವಾದರೆ ಅವರು ಬೆಚ್ಚಿ ಎದ್ದು ಹೋಗುತ್ತಾರೆ, ಮತ್ತೆ ವರ್ಷವಿಡೀ ಹಸಿವು ಅಂತ ಅಮ್ಮ ಗದರಿಸುತ್ತಿದ್ದಳು. ಇವತ್ತು ಬೆಳಿಗ್ಗೆ ಅಮ್ಮ ಎಲೆ ಒರೆಸಿ ಇಡುತ್ತಿದ್ದಳು. ನಾಲ್ಕನೆಯದು ಎಲ್ಲಿ ಅಂತ ನಾನು ಕೇಳಿದೆ.

ಬಡಿಸುವ ದಿನ ಅಂತ ಬೇಗ ಬಂದಿದ್ದ ಮಾವ ಹೇಳಿದರು. ಬೊಜ್ಜ ಆಗದವನಿಗೆ ಎಲೆ ಹಾಕುವ ಕ್ರಮ ಇಲ್ಲ, ಉತ್ತರಕ್ರಿಯೆ ಆಗಿ ಹಿರಿಯರ ಜೊತೆ ಸೇರಿದ ಮೇಲೆಯೇ ಊಟ. ಹಾಗಾದರೆ ಬೊಜ್ಜ ಮಾಡಿ ಅಂದೆ. "ಬದುಕಿದವನಿಗೆ ಬೊಜ್ಜ ಮಾಡ್ತಾರಾ?" ಅಂತ ಅಮ್ಮ. ಮತ್ತೆ ಟ್ಯಾಬಿನ ಕಡೆ ನೋಡಿದಳು. ಫ್ರಿಡ್ಜಿನ ಮೇಲೆ ಚಾರ್ಜರಿನಲ್ಲೇ ಇರುತ್ತದೆ ಅದು, ಐದು ತಿಂಗಳಿಂದ. ನಾನು ನನ್ನ ಫೋನು ತೆಗೆದು ನಿನ್ನ ಹಳೆಯ ಫೋಟೋ ತೋರಿಸಿದೆ. ಗಂಜಿಯ ಬಟ್ಟಲು, ನಿನ್ನ ಹಲ್ಲು, ಹಿಂದೆ ಸ್ಕ್ರೀನಿನಲ್ಲಿ ಹಳದಿಯ ಮೇಲೆ ನಾವು, ಸುತ್ತ ನೀರು. ಇದೇ ದ್ವೀಪ, ಇದೇ ತಪ್ಪು, ನೋಡು ಅಂದೆ. ಈ ಫೋಟೋ ಜಗಳ ಮುಗಿಸಿಬಿಡುತ್ತದೆ ಅಂತ ನನಗೆ ಧೈರ್ಯ. ಅಮ್ಮ ಫೋನು ಮುಟ್ಟಲೂ ಇಲ್ಲ.

"ಅದು ನನಗೆ ಗೊತ್ತುಂಟು. ಅವ ಅದನ್ನು ಮೊದಲು ಕಳಿಸಿದ್ದು ನನಗೆ. ಮರಕ್ಕೆ ಬೋಟು ಕಟ್ಟಿದ್ದೇವೆ ಅಂತ ಬರೆದಿದ್ದ."

ಯಾವಾಗಿಂದ ಗೊತ್ತುಂಟು ಅಂತ ಕೇಳಿದೆ. ಮೊದಲ ದಿನದಿಂದ ಅಂದಳು. ಮತ್ತೆ ಎಂತಕ್ಕೆ ದಿನಾ ಆ ಹಳದಿ ನೋಡಿಕೊಂಡು ಕೂತಿದ್ದೀ ಅಂತ ನಾನು ಕಿರುಚಿದೆ. ಕಿರುಚಿದ್ದು ಹೌದು, ಕೆಳಗಿನ ಮನೆಯವರು ಕಿಟಕಿ ಹಾಕಿದರು. ಅಮ್ಮ ಎಲೆಯ ತುದಿ ಕತ್ತರಿಸುತ್ತಾ "ನೋಡ್ಲಿಕ್ಕೆ ಬೇರೆ ಎಂತ ಉಂಟು?" ಅಂದಳು. ಮಾವ ಪೇಪರ್ ಮಡಚಿ "ಗೆದ್ದೆಯಲ್ಲ ಈಗ, ಹೋಗಿ ಮಿಂದು ಬಾ" ಅಂದರು. ನಾನು ಮೀಯಲಿಲ್ಲ. ನಿನ್ನ ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹಾಸಿಗೆಯ ಚಾದರ ಅಮ್ಮ ಮೊನ್ನೆ ಬದಲಾಯಿಸಿದ್ದಾಳೆ.

ಅಲೆಕ್ಸ್ ಅಂಕಲ್‌ಗೆ ನನ್ನ ನಮಸ್ಕಾರ ಹೇಳು. ಆಂಟಿ ಚೆನ್ನಾಗಿದ್ದಾರೆ ಅಂತ ಹೇಳು, ಅದು ಸುಳ್ಳಲ್ಲ. ದೊಡ್ಡವನಾದ ನೀನು ನನಗೆ ಆಶೀರ್ವಾದ ಮಾಡಬೇಕು, ಕ್ರಮ ಹಾಗೆ. ಎಲ್ಲಿಂದ ಮಾಡುತ್ತೀ ನೋಡಿಕೋ.

ನಿನ್ನ ತಮ್ಮ,
ಮೋಕ್ಷಿತ್

ಮತ್ತೆ ಒಂದು: ಈಗ ನೀರು ಕುಡಿಯಲು ಅಡುಗೆಮನೆಗೆ ಹೋಗಿದ್ದೆ. ಒಲೆಯ ಹಿಂದೆ ಮಣ್ಣಿನ ಪಾತ್ರೆಯಲ್ಲಿ ಬಂಗುಡೆ ಮೀನಿನ ಪುಳಿಮುಂಚಿ ಮುಚ್ಚಿಟ್ಟಿದೆ. ಅಜ್ಜ ಬಂಗುಡೆ ಮುಟ್ಟಿದವರಲ್ಲ. ಅಜ್ಜಿಗೆ ಮೀನೇ ಆಗುತ್ತಿರಲಿಲ್ಲ. ಅಪ್ಪ ತಿಂದರೆ ಮೈಯೆಲ್ಲ ತುರಿಕೆ. ಮುಚ್ಚಳ ತೆಗೆದದ್ದನ್ನು ಅಮ್ಮ ನೋಡಿದಳು. ನಳ ಬಿಡಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಹೊರಗೆ ಹೋಗಿ ಮಾವನ ಹತ್ತಿರ ಕುಳಿತಳು. ಅವಳು ನಿನಗೆ ಎಲೆ ಹಾಕುವುದಿಲ್ಲ, ಅವಳ ಕೈಯಲ್ಲಿ ಆಗುವುದಿಲ್ಲ. ನಾನು ಒಂದು ಎಲೆ ತಂದು ನಿನ್ನ ಕಿಟಕಿಯ ಕೆಳಗೆ ಹಾಕಿದ್ದೇನೆ. ನೀರುದೋಸೆ ಉಂಟು, ಬಂಗುಡೆ ಉಂಟು, ನೀರು ಉಂಟು. ಕ್ರಮ ತಪ್ಪು, ಗೊತ್ತುಂಟು. ತಿನ್ನು. ಕಾಗದ ಎಲೆಯ ಪಕ್ಕದಲ್ಲಿ ಇಡುತ್ತೇನೆ. ನಾನು ಧಕ್ಕೆಗೆ ಹೋಗುತ್ತೇನೆ, ಇವತ್ತು ಈ ಮನೆಯಲ್ಲಿ ಕೂರಲಿಕ್ಕೆ ನನ್ನಿಂದ ಆಗುವುದಿಲ್ಲ. ಬಾಗಿಲು ಮೆಲ್ಲ ಮುಚ್ಚುವುದಿಲ್ಲ. ಒಳಗೆ ನೀನು ಊಟಕ್ಕೆ ಕುಳಿತಿದ್ದೀ ಅಂತ ಹೊರಗಿನ ಇಬ್ಬರಿಗೂ ಕೇಳಬೇಕು. ನೀನು ಬೆಚ್ಚಿ ಏಳಬೇಡ, ಅದು ನಾನು. ಈಗ ಬಾಗಿಲು ಹೊಡೆಯುತ್ತೇನೆ.