ಅಟ್ಟದ ಕಾಯಿ

ಜೂನ್ 9, ಸೋಮವಾರ
ಇವತ್ತೂ ಬಿಂದಿಗೆ ಎತ್ತಲು ಬಿಡಲಿಲ್ಲ. ಬಗ್ಗಿದ್ದೆ ಅಷ್ಟೆ. ಅತ್ತೆ ಹಿತ್ತಿಲಿಂದಲೇ ಕೂಗಿದರು — “ಬುಡು ಪವಿತ್ರಾ, ನಾನ್ ಬತ್ತೀನಿ.” ಎಪ್ಪತ್ತರ ಅತ್ತೆ ನೀರು ಹೊರುವುದು, ಮೂವತ್ತಾರರ ಸೊಸೆ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುವುದು. ಚೆನ್ನಾಗಿದೆ ಸಂಸಾರ. ಮಂಡಿಚಿಪ್ಪು ಜಾರುತ್ತದೆಂದು ಆಪರೇಷನ್ ಮಾಡಿಸಿ ಆರು ವರ್ಷ. ಈಗ ಜಾರುವುದಿಲ್ಲ. ನೋಯುತ್ತದೆ. ಮೆಟ್ಟಿಲು ಇಳಿದರೆ ಕಟಕಟ. ಸಾಕಾಗಿದೆ.

ಜೂನ್ 12, ಗುರುವಾರ
ತಿಪಟೂರಿಗೆ ಹೋಗಿ ಸ್ಕ್ಯಾನಿಂಗ್ ಆಯಿತು. ಚಿಪ್ಪಿನ ಹಿಂದೆ ಸವೆದಿದೆಯಂತೆ. ಡಾಕ್ಟರ್ ಎರಡೂ ತೊಡೆಗೆ ಟೇಪು ಹಿಡಿದರು. ಬಲಗಡೆಯದು ಸಣ್ಣ.

“ಎಕ್ಸರ್‌ಸೈಜ್ ಯಾವಾಗ ನಿಲ್ಸಿದ್ರಿ?”

ಶುರುವೇ ಮಾಡಿರಲಿಲ್ಲ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ತೊಡೆ ಗಟ್ಟಿಯಾದರೆ ಸ್ವಂತ ಮಂಡಿಯಲ್ಲೇ ಬಹಳ ಕಾಲ ನಡೆಯಬಹುದು, ಇಲ್ಲವಾದರೆ ಮತ್ತೆ ಆಪರೇಷನ್ನು. ದಿನಾ ಕಾಲಿಗೆ ಒಂದು ಕೆಜಿ ತೂಕ ಕಟ್ಟಿ ನೆಟ್ಟಗೆ ಎತ್ತಬೇಕು.

ಬಸ್ಸಿನಲ್ಲಿ ಅಳು ಬಂತು. ಆಸ್ಪತ್ರೆಯಿಂದ ಬಂದ ದಿನ ಅತ್ತೆ ಹೇಳಿದ್ದರು — “ಅಟ್ಟಕ್ಕೆ ಹಾಕಿದ್ ಕಾಯಿ ಮುಟ್ಬಾರ್ದು ಕಣವ್ವ. ಅದ್ರ ಪಾಡಿಗೆ ಅದು ಒಣಗಿ ಕೊಬ್ರಿ ಆಯ್ತದೆ. ಕಾಲೂ ಅಂಗೇ.” ನಂಬಿದೆ. ವರ್ಷ ಕಳೆದ ಮೇಲೂ ಕೆಲಸ ಮುಟ್ಟಗೊಡಲಿಲ್ಲ. ತವರಿನಲ್ಲೂ ನನ್ನನ್ನು ಯಾರೂ ಅಷ್ಟು ನೋಡಿಕೊಂಡಿರಲಿಲ್ಲ... ಈಗ ಅವರಿಗೆ ಹೇಗೆ ಹೇಳುವುದು?

ಜೂನ್ 15
ಹೇಳಲಿಲ್ಲ. ಬಾಗಿಲು ಹಾಕಿಕೊಂಡು ಕಾಲೆತ್ತಿದೆ. ತೂಕ ಕಟ್ಟದೆಯೇ ನಡುಗಿತು. ಹೊರಗಿಂದ ಅತ್ತೆ — “ಮಲಕ್ಕೊಂಡಿದ್ದೀಯಾ? ಮಲಕ್ಕೊ, ಮಲಕ್ಕೊ.”

ಜೂನ್ 16
ಹೇಳಿಬಿಟ್ಟೆ. ಹೇಳಿದ್ದಲ್ಲ, ರೇಗಿದ್ದು. ಅತ್ತೆ ನನ್ನ ಕೈಯಿಂದ ಬಿಂದಿಗೆ ಕಿತ್ತುಕೊಂಡರು, ನನಗೆ ತಡೆಯಲಾಗಲಿಲ್ಲ. “ನೀವು ಹಿಂಗೆ ಮುಟ್ಟದಂಗೆ ಇಟ್ಟಿದ್ದಕ್ಕೇ ಕಾಲು ಸೊರಗಿರೋದು ಅತ್ತೆ. ದಿನಾ ಕೆಜಿ ತೂಕ ಕಟ್ಟಿ ಎತ್ಬೇಕಂತೆ.”

ಅತ್ತೆ ಬಿಂದಿಗೆ ಕೆಳಗಿಟ್ಟರು. ಊಟಕ್ಕೆ ಮುದ್ದೆ ಮುರಿಯಲಿಲ್ಲ, ಮಜ್ಜಿಗೆ ಕುಡಿದು ಎದ್ದರು. ನನ್ನ ಗಂಡ ಕೇಳಿದ್ದಕ್ಕೆ “ಹಸಿವಿಲ್ಲ ಕಣಪ್ಪ” ಅಂದರು.

ಜೂನ್ 24
ಬಿಂದಿಗೆ ನಾನೇ ಎತ್ತುತ್ತೇನೆ. ಹಿತ್ತಿಲಿಂದ ಯಾರೂ ಕೂಗುವುದಿಲ್ಲ. ಕೂಗಬಾರದೇ ಅನ್ನಿಸುತ್ತದೆ. ಎರಡು ದಿನದಿಂದ ಕಾಲೂ ಎತ್ತಿಲ್ಲ. ಯಾರಿಗೋಸ್ಕರ...

ಜೂನ್ 25, ಬೆಳಿಗ್ಗೆ
ಅಟ್ಟದ ಮೇಲೆ ಸದ್ದು. ಇಲಿ ಅಂದುಕೊಂಡೆ. ಅತ್ತೆ. ಏಣಿ ಇಳಿದು ಬಂದರು, ಮಡಿಲಲ್ಲಿ ಒಂದು ಕಾಯಿ. ಯುಗಾದಿ ಆದಮೇಲೆ ಹಾಕಿದ್ದು. ಸ್ವಂತ ಮಗ ಮುಟ್ಟಿದರೂ ಬೈಯುತ್ತಿದ್ದವರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

“ನೀರು ಇನ್ನೂ ಐತೆ. ಕೆಜಿ ತೂಕ ಬತ್ತದೆ.”

ಕೈಚೀಲಕ್ಕೆ ಹಾಕಿ ನನ್ನ ಕಾಲಿಗೆ ತಾವೇ ಕಟ್ಟಿದರು. ಗಂಟು ಬಿಗಿಯಾಯಿತೇನೋ ಎಂದು ಎರಡು ಸಲ ಕೇಳಿದರು.

“ಎತ್ತು ಕಣೇ.”

ಎತ್ತಿದೆ. ಕಾಲು ನಡುಗಿತು. ಕಾಲನ್ನು ಹಿಡಿಯಲೆಂದು ಅತ್ತೆಯ ಕೈ ಅದರ ಕೆಳಗೆ ಬಂತು. ಹಿಡಿಯಲಿಲ್ಲ. ಆ ಕೈಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತರು. ನಾನು ಇನ್ನೊಂದು ಸಲ ಎತ್ತಿದೆ.