ಮಿತ್ರಳ ಬೆಲ್ಟಿನ ಗೆರೆ

ಒಂಟಿಕೊಪ್ಪಲ್, ಮೈಸೂರು
೧೨ ನವೆಂಬರ್ ೨೦೨೪, ಮಂಗಳವಾರ

ಮಿತ್ರಳ ಅಪ್ಪನಿಗೆ, ಜೈ ಭೀಮ್.

ರೀ, ಹೇಗಿದ್ದೀರಿ? ಗಡಿಯಲ್ಲಿ, ಆ ಗುಡ್ಡದ ಮೇಲೆ ಚಳಿ ಶುರುವಾಗಿರಬೇಕು. ಕೆಮ್ಮು ಹೋಯಿತೇ? ಅತ್ತೆ ಕಳಿಸಿದ ಹುರಿಹಿಟ್ಟು ಕೈಸೇರಿತೇ? ಫೋನು ಸಿಗದ ಜಾಗಕ್ಕೇ ನಿಮ್ಮನ್ನು ಹಾಕಬೇಕಿತ್ತಾ ಆ ಪುಣ್ಯಾತ್ಮರು! ಅತ್ತೆ ಆರೋಗ್ಯವಾಗಿದ್ದಾರೆ, ಬೆಳಿಗ್ಗೆಯಿಂದ ಸಂಜೆಯವರೆಗೂ ನನ್ನನ್ನು ಬಯ್ಯುವಷ್ಟು ಗಟ್ಟಿಯಾಗಿದ್ದಾರೆ. ಸರಿಯಿಲ್ಲದಿರುವುದು ನಾನೇ. ಉಂಡದ್ದು ಮೈಗೆ ಹತ್ತುತ್ತಿಲ್ಲ.

ಮಿತ್ರಳದೇ ಚಿಂತೆ. ಹೆದರಬೇಡಿ, ಪೂರ್ತಿ ಓದಿ. ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತಿದೆ ಎಂದು ಡಾಕ್ಟರು ಅವಳಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಬೆಲ್ಟು ಹಾಕಿಸಿದ್ದು ನಿಮಗೆ ಗೊತ್ತು. ಹುಡುಗಿ ಬೆಳೆದಿದ್ದಾಳೆ, ಅದೀಗ ಗಿಡ್ಡವಾಗಿದೆ, ಹೊಸದು ಆಗಬೇಕು. ಅವಳ ಬೆಳವಣಿಗೆ ನಿಲ್ಲುವವರೆಗೆ ಬೆಲ್ಟು ಆ ಬಾಗನ್ನು ತಡೆದರೆ ಸರಿ, ಇಲ್ಲದಿದ್ದರೆ ಆಪರೇಷನ್ ಮಾಡಿ ಬೆನ್ನಿಗೆ ಕಂಬಿ ಕೂರಿಸಬೇಕು ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿಬಿಟ್ಟರು. ಆ ಮಾತು ಕೇಳಿದಾಗಿನಿಂದ ನನ್ನ ಜೀವದಲ್ಲಿ ಜೀವವಿಲ್ಲ.

ಇಂಥ ಬೆಲ್ಟುಗಳ ನಕ್ಷೆ ಮಾಡುವ ಕೆಲಸವೇ ನನಗೆ ಯಾಕೆ ಸಿಕ್ಕಿತೋ! ಹೂಟಗಳ್ಳಿಯ ನಮ್ಮ ವರ್ಕ್‌ಶಾಪಿನ ಕಂಪ್ಯೂಟರಿನಲ್ಲಿ ನಿಮಗೊಮ್ಮೆ ತೋರಿಸಿದ್ದೆನಲ್ಲ, ಮೈಸುತ್ತ ಒಂದು ಬಾಗಿದ ಗೆರೆ, ಅದನ್ನು ಎಳೆಯಲು ಅಲ್ಲಲ್ಲಿ ಚುಕ್ಕಿಗಳು. ರಂಗೋಲಿಯ ಹಾಗಲ್ಲ, ಇಲ್ಲಿ ಗೆರೆ ಚುಕ್ಕಿಯನ್ನು ಮುಟ್ಟುವುದಿಲ್ಲ, ದೂರದಿಂದಲೇ ಅದರ ಕಡೆಗೆ ಬಾಗುತ್ತದೆ. ಒಂದು ಚುಕ್ಕಿ ಸರಿಸಿದರೆ ಅಕ್ಕಪಕ್ಕದ ಗೆರೆಯೂ ಜರುಗುತ್ತದೆ. ಉಬ್ಬಿದ ಪಕ್ಕೆಲುಬಿನ ಹತ್ತಿರ ಗೆರೆ ಒಳಕ್ಕೆ ತಗ್ಗಬೇಕು, ಬೆಲ್ಟು ಅಲ್ಲಿ ಒತ್ತಿದರೆ ತಾನೇ ಬೆನ್ನು ನೆಟ್ಟಗಾಗುವುದು. ಮಿತ್ರಳ ಹೊಸ ಬೆಲ್ಟಿನ ನಕ್ಷೆಯಲ್ಲಿ ನಮ್ಮ ಯಜಮಾನರು ಸುಂದರೇಶ್ ಸರ್ ಡಾಕ್ಟರು ಹೇಳಿದಷ್ಟೇ ತಗ್ಗಿಸಿ ಕೊಟ್ಟಿದ್ದರು. ಅಂಚು ನುಣುಪು ಮಾಡಿ ಅಚ್ಚು ಕೊರೆಯುವ ಮೆಷಿನ್ನಿಗೆ ಕಳಿಸುವುದಷ್ಟೇ ನನ್ನ ಪಾಲಿನ ಕೆಲಸ. “ಬೇರೇನೂ ಮುಟ್ಬೇಡಿ ಕಣ್ರೀ, ಸ್ವಂತ ಮಗೂದು” ಎಂದು ನಗುತ್ತಲೇ ಎಚ್ಚರಿಸಿದ್ದರು.

ಕೈ ಸುಮ್ಮನಿರಬೇಕಲ್ಲ! ಬೆಲ್ಟು ಬಿಚ್ಚಿದಾಗ ಪಕ್ಕೆಲುಬಿನ ಮೇಲೆ ಕಂದಿದ ಆ ಗುರುತು ನೋಡಲಾಗುವುದಿಲ್ಲ ರೀ. ಇವತ್ತು ಸ್ಕೂಲಿಗೆ ಹೊರಡುವಾಗ ನನ್ನ ಕತ್ತು ತಬ್ಬಿಕೊಂಡು, “ಹೊಸದನ್ನ ಒಂಚೂರು ಸಡ್ಲ ಮಾಡ್ಬುಡಮ್ಮ, ಎಲ್ಲಾ ನಿನ್ ಕೈಲೇ ಇದೆಯಲ್ಲ” ಅಂದಳು. ಅತ್ತೆ ಬೇರೆ, “ಮಗೀನ ಅಂಗೆ ಬಿಗ್ದು ಕಟ್ಟಾಕ್ಬುಟ್ಟು ನೀನೆಂಗವ್ವ ಉಣ್ತೀಯ” ಅಂದರು. ಮಧ್ಯಾಹ್ನ ಫೈಲು ತೆರೆದವಳು ಪಕ್ಕೆಲುಬಿನ ಹತ್ತಿರದ ಒಂದು ಚುಕ್ಕಿಯನ್ನು ಹೊರಕ್ಕೆ ಸರಿಸಿಬಿಟ್ಟೆ. ಗೆರೆ ಎಷ್ಟು ನುಣುಪಾಗಿ ಕೂತಿತೆಂದರೆ ಕಣ್ಣಿಗೆ ಹಿತವೇ ಆಯಿತು. ಸೇವ್ ಮಾಡಿ ಕಳಿಸಿ ಮನೆಗೆ ಬಂದೆ. ನಾಳೆ ಬೆಳಿಗ್ಗೆ ಅಚ್ಚು ಕೊರೆಯುತ್ತಾರೆ.

ಅಷ್ಟಕ್ಕೆಲ್ಲ ಏನಾಗುತ್ತೆ, ಅಲ್ವಾ? ಮಗು ನೆಮ್ಮದಿಯಾಗಿ ಉಸಿರಾಡಿಕೊಂಡಿರುತ್ತದೆ. ನೀವಿದ್ದರೂ ಹೀಗೇ ಮಾಡಿಸುತ್ತಿದ್ದಿರಿ, ಅವಳು ಅತ್ತರೆ ಮೊದಲು ಕರಗುವವರು ನೀವೇ. ಹೀಗೆಂದು ಸಂಜೆಯಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಅತ್ತೆಯ ಆಶೀರ್ವಾದ, ಮಿತ್ರಳ ಮುತ್ತು. ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ, ಹಟ ಮಾಡಬೇಡಿ.

ನಿಮ್ಮ
ಸುಜಾತ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಮಿತ್ರ ಸ್ನಾನ ಮುಗಿಸಿ ಬಂದು, ಜಡೆ ಹಾಕು ಎಂದು ಬೆನ್ನು ತಿರುಗಿಸಿ ಕೂತಳು. ಬೆಲ್ಟು ಇರಲಿಲ್ಲ. ರೀ, ಆ ಬಾಗು ಈಗ ಲಂಗದ ರವಿಕೆಯ ಮೇಲೂ ಕಾಣುತ್ತದೆ. ಜಡೆ ಮುಗಿಸಿ ಹೊರಗೆ ಬಂದೆ. ಸುಂದರೇಶ್ ಸರ್‌ಗೆ ಫೋನ್ ಮಾಡಿ ಮೆಷಿನ್ ಓಡಿಸಬೇಡಿ ಎಂದು ಆದದ್ದೆಲ್ಲ ಹೇಳಿದೆ. ಬಯ್ಯಲಿಲ್ಲ. ಬೆಳಿಗ್ಗೆ ಬೇಗ ಬಂದು ಆ ಚುಕ್ಕಿಯನ್ನು ನೀವೇ ಒಳಕ್ಕೆ ತಳ್ಳಿ ಅಂದರು. ತಳ್ಳುತ್ತೇನೆ. ಹೊಸದು ಹಳೆಯದಕ್ಕಿಂತ ಜಾಸ್ತಿಯೇ ಒತ್ತುತ್ತದೆ. ಸಡಿಲ ಮಾಡಿದ್ದೇನೆ ಅಂತ ಅವಳಿಗೆ ಆಗಲೇ ಹೇಳಿಬಿಟ್ಟಿದ್ದೇನೆ, ಕುಣಿದಾಡಿಬಿಟ್ಟಳು. ನೀವು ಬೇಗ ಅವಳಿಗೊಂದು ಕಾಗದ ಬರೆಯಿರಿ. ಬಿಗಿ ಮಾಡಿಸಿದ್ದು ಅಪ್ಪನೇ ಅಂತ ಸುಳ್ಳಾದರೂ ಬರೆಯಿರಿ. ದಿನಾ ಅದನ್ನು ಅವಳ ಮೈಗೆ ಕಟ್ಟಬೇಕಾದವಳು ನಾನು, ನನ್ನ ಮೇಲೆ ಕೋಪ ಮಾಡಿಕೊಂಡರೆ ಅವಳು ಕಟ್ಟಿಸಿಕೊಳ್ಳುವುದಿಲ್ಲ.