ಬಾಗಿಲಿಗೆ ಬಂದ ಕಾಯಿಲೆ

ಮನೆಮನೆ ಮಾನಸಿಕ ಆರೋಗ್ಯ ಸಮೀಕ್ಷೆಯ ಜಿಲ್ಲಾ ಮುಖ್ಯಸ್ಥರಾದ ಮಾನ್ಯರೇ,

ನನ್ನ ತಾಯಿ ಗುರುಲಿಂಗವ್ವನಿಗೆ ಬೈಪೋಲಾರ್ ಕಾಯಿಲೆ ಇದೆ. ಈ ಮಾತನ್ನು ಬಿಟ್ಟೇ ಪತ್ರ ಬರೆಯಲು ಹೊರಟಿದ್ದೆ. ಆದರೆ ಪೋಲಿಯೊ ಹನಿ ಹಾಕಿದವರು ಗುರುತು ಮಾಡುವ ಜಾಗದಲ್ಲೇ ನಿಮ್ಮವರು ನಮ್ಮ ಬಾಗಿಲ ಮೇಲೆ ಸೀಮೆಸುಣ್ಣದಿಂದ 'ಆನುವಂಶಿಕ ಅಪಾಯ' ಎಂದು ಬರೆದು ಹೋಗಿದ್ದಾರೆ. ಇಳಕಲ್ಲಿನ ನಮ್ಮ ಓಣಿಗೆಲ್ಲ ಗೊತ್ತಾಗಿದ್ದನ್ನು ನಿಮ್ಮೊಬ್ಬರಿಂದ ಮುಚ್ಚಿಡುವುದು ಅಸಭ್ಯತೆಯಾದೀತು.

ನನ್ನ ಮಗಳ ಮದುವೆ ಹುನಗುಂದದಲ್ಲಿರುವ ನನ್ನ ಅಣ್ಣ ಅಂದಾನಪ್ಪನ ಮಗನೊಡನೆ ಗೊತ್ತಾಗಿತ್ತು. ಸೋದರ ಸಂಬಂಧದಲ್ಲಿ ಮದುವೆ ಸರಿಯೇ ಎಂದು ನೀವು ಕೇಳಿದ್ದರೆ ನಾನೂ ತಡವರಿಸುತ್ತಿದ್ದೆ. ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಬಾಗಿಲು ನೋಡಿ ಹೋದ ಅಣ್ಣ ಫೋನ್ ಮಾಡಿದ: "ಸಿಟ್ಟಾಗಬ್ಯಾಡ ಮಹೇಶ್ವರಿ, ನಿಮ್ಮ ಮನಿತನದಾಗ ಐತಿ ಅಂತ ಸರಕಾರನ ಬರದೈತಿ. ನಾಳಿ ನಮ್ಮ ಮೊಮ್ಮಕ್ಕಳಿಗೆ ಬಂದ್ರ?"

ಫೋನ್ ಸ್ಪೀಕರಿನಲ್ಲಿತ್ತು. ಪಕ್ಕದಲ್ಲೇ ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಅವ್ವ, "ಹಂಗಾರ ನಿನ್ನ ನಾ ಏನ್ ಸಂತ್ಯಾಗ ಕೊಂಡು ತಂದೇನೇನಲೇ?" ಎಂದಳು. ಅಣ್ಣ ಫೋನ್ ಇಟ್ಟ. ಮದುವೆ ಅಲ್ಲಿಗೇ ಮುರಿಯಿತು.

ಗಮನಿಸಿ: ಅವ್ವ ಇಬ್ಬರಿಗೂ ತಾಯಿ. ಅವಳು ನನ್ನ ಮನೆಯಲ್ಲಿರುವುದರಿಂದ ಅಪಾಯ ನನ್ನ ಬಾಗಿಲಿಗೆ. ಅಣ್ಣನ ಬಾಗಿಲು ಚೊಕ್ಕ. ವಂಶವಾಹಿಗಳು ರೇಷನ್ ಕಾರ್ಡಿನ ವಿಳಾಸ ನೋಡಿ ಹರಿಯುತ್ತವೆ ಎಂಬುದು ನಿಮ್ಮ ಶೋಧವೇ? ಇಂಗ್ಲಿಷ್ ಶಾಲೆಯಲ್ಲಿ ನಾನು ಉರು ಹೊಡೆದ ಪಾಠದಲ್ಲಿ ಬಾಗಿಲಿನ ಪ್ರಸ್ತಾಪವಿರಲಿಲ್ಲ. ಅವ್ವನ ವೈದ್ಯರ ಪ್ರಕಾರ ಈ ಕಾಯಿಲೆಯಲ್ಲಿ ರಕ್ತದ ಪಾಲಿದೆ, ಆದರೆ ಯಾವುದೋ ಒಂದೇ ವಂಶವಾಹಿಯದಲ್ಲ. ಅಪಾಯ ಉಳಿದವರಿಗಿಂತ ಹೆಚ್ಚು, ಹಣೆಬರಹವಲ್ಲ. ಬಹುಪಾಲು ಮಕ್ಕಳು ಮೊಮ್ಮಕ್ಕಳಿಗೆ ಅದು ಬರುವುದೇ ಇಲ್ಲ. ಆದರೂ ನಿದ್ದೆ ತಪ್ಪಿದಾಗಲೆಲ್ಲ ನನಗೂ ಶುರುವಾಯಿತೇ ಎಂದು ಕೇಳಿಕೊಳ್ಳುತ್ತೇನೆ, ಸುಳ್ಳು ಹೇಳಲಾರೆ. ಆ ಭಯಕ್ಕೆ ಬೇಕಾದದ್ದು ವೈದ್ಯರು, ಸೀಮೆಸುಣ್ಣವಲ್ಲ.

ಮಗಳು "ಇರ್ಲಿ ಬಿಡು ಮಮ್ಮಿ" ಎಂದಳು. ಅವ್ವ ಬಿಡಲಿಲ್ಲ. ವರ್ಷಗಟ್ಟಲೆ ತಪ್ಪದೆ ಗುಳಿಗೆ ನುಂಗಿ ನೆಟ್ಟಗಿದ್ದವಳು ಈಗ ನಿಲ್ಲಿಸಿದ್ದಾಳೆ. "ಜಡ್ಡ ನನಗೈತಿ, ಬಾಗಲಕ್ಕಲ್ಲ. ಬರದಾವ್ರ ಬಂದು ಒರಸೂತನ ನಾ ಗುಳಿಗಿ ಮುಟ್ಟಂಗಿಲ್ಲ." ಅವಳಿಗೀಗ ನಿದ್ದೆಯಿಲ್ಲ, ಮಾತು ನಿಲ್ಲುತ್ತಿಲ್ಲ. ರೋಗಿಗಳನ್ನು ಹುಡುಕಲು ಹೊರಟ ಸಮೀಕ್ಷೆ ಒಬ್ಬ ರೋಗಿಯನ್ನು ತಯಾರಿಸಿದೆ, ಅಭಿನಂದನೆಗಳು.

ನಾನೇ ಒರೆಸಿದರೆ ಮುಚ್ಚಿಟ್ಟಂತಾಗುತ್ತದೆ, ಅವ್ವನೂ ಒಪ್ಪುವುದಿಲ್ಲ. ನಿಮ್ಮವರೇ ಬರಲಿ, ಹಗಲಿನಲ್ಲಿ, ಓಣಿಯವರು ನೋಡುತ್ತಿರುವಾಗ ಒರೆಸಲಿ. ಸಮಾನತೆಯ ಹೆಸರಿನಲ್ಲಿ ಹುನಗುಂದದ ಬಾಗಿಲಿಗೂ ಬರೆಯುವುದು ಬೇಡ.

ಇಂತಿ,
ಅವ್ವನ ಮಗಳು, ಮಗಳ ಅವ್ವ, ಹೀಗಾಗಿ ಎರಡೂ ಕಡೆಯಿಂದ ಅಪಾಯಕಾರಿ,
ಮಹೇಶ್ವರಿ, ಇಳಕಲ್

ಅಂಚೆಗೆ ಹಾಕುವುದು: ನಾಳೆ, ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ.